ಅರ್ಧ ಮಾತ್ರೆ

"ಇನ್ನು ಮುಂದೆ ಏನೇ ಬರ್ಲಿ, ಅರ್ಧ ನಾಗಂಗೆ ಕೊಡ್ತೀನಿ" ಎಂದು ರೇವಣ್ಣ ಅವ್ವನ ಅಂಗೈ ಮೇಲೆ ಕೈಯಿಟ್ಟು ಮಾತು ಕೊಟ್ಟಾಗ ಅವನಿಗೆ ಹನ್ನೆರಡು ವರ್ಷ, ತಮ್ಮ ನಾಗೇಂದ್ರಪ್ಪನಿಗೆ ಒಂಬತ್ತು. ಉಳಿದಿದ್ದ ಒಂದೇ ಹೋಳಿಗೆಗಾಗಿ ಬಡಿದಾಡಿಕೊಂಡಾಗ ರೇವಣ್ಣ ಬೀಸಿದ ಹಿತ್ತಾಳೆ ಚೊಂಬು ತಮ್ಮನ ಹುಬ್ಬು ಸೀಳಿತ್ತು. ಅವ್ವ ಕೊಟ್ರಮ್ಮ ಗಾಯಕ್ಕೆ ಅರಿಸಿನ ಮೆತ್ತಿದಳು. ದೊಡ್ಡವನನ್ನು ಹೊಡೆಯಲಿಲ್ಲ, ಬೈಯಲಿಲ್ಲ, ರಟ್ಟೆ ಹಿಡಿದು ದೇವರ ಮುಂದೆ ಕೂರಿಸಿದಳು. "ಬರೀ ಅರ್ಧ ಅಂದ್ರೆ ಆಗಲ್ಲ ಕಣೋ. ಹಿರೇನು ಹಂಚ್ಬೇಕು, ಕಿರೇನು ಆರಿಸ್ಬೇಕು. ಆವಾಗ ಹಂಚೋನ ಕೈ ನೆಟ್ಟಗಿರ್ತೈತೆ" ಎಂದಳು.

ಐವತ್ತೈದು ವರ್ಷ ಆ ಕೈ ನೆಟ್ಟಗೇ ಇತ್ತು. ಚನ್ನಗಿರಿಯ ಹಳೇ ಪೇಟೆಯ ಮನೆ ಪಾಲಾದಾಗ, ನಡುವಿನ ಗೋಡೆ ಎಲ್ಲಿ ಏಳಬೇಕೆಂದು ಸುಣ್ಣದ ಗೆರೆ ಎಳೆದವನು ರೇವಣ್ಣ. ಯಾವ ಕಡೆ ತನಗೆ ಎಂದು ಬೆರಳು ತೋರಿಸಿದವನು ನಾಗೇಂದ್ರಪ್ಪ. ಅವನು ಎಂದಿನಂತೆ ಒಂದು ಕೈ ಅಗಲ ಹೆಚ್ಚಿದ್ದ ಮೂಲೆಯ ಕಡೆಯನ್ನೇ ಆರಿಸಿಕೊಂಡು ಅಲ್ಲಿ ಚಹಾ, ಮಂಡಕ್ಕಿ, ಮಿರ್ಚಿಯ ಹೋಟೆಲ್ ಇಟ್ಟ. ದೊಡ್ಡ ತುಂಡು ಯಾವುದೆಂದು ಅವನ ಕಣ್ಣಿಗೆ ಹುಟ್ಟಿನಿಂದಲೇ ಗೊತ್ತಾಗುತ್ತಿತ್ತು. ದೇವರ ಕೋಣೆಯೊಂದನ್ನು ಮಾತ್ರ ಹಂಚಲಿಲ್ಲ. ಅದಕ್ಕೆ ಎರಡೂ ಮನೆಯಿಂದ ಬಾಗಿಲು. ರೇವಣ್ಣ ಮೂವತ್ತು ವರ್ಷ ಅಡಿಕೆ ಮಂಡಿಯಲ್ಲಿ ತೂಕದವನಾಗಿದ್ದ. ಅವನು ತೂಗಿದ ಚೀಲವನ್ನು ಕೆರೆಬಿಳಚಿಯ ರೈತರು ಮತ್ತೊಮ್ಮೆ ತೂಗಿಸುತ್ತಿರಲಿಲ್ಲ.

ಕಾಯಿಲೆ ಕೂಡ ಇಬ್ಬರಿಗೂ ಬಂತು. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ನಾಲ್ಕೂ ತಾಲ್ಲೂಕಿನಲ್ಲಿ ದಾವಣಗೆರೆಯ ಡಾಕ್ಟರುಗಳು ಶಿಬಿರ ಮಾಡಿ, ಐವತ್ತೈದು ದಾಟಿದ ಗಂಡಸರ ರಕ್ತ ತೆಗೆದುಕೊಂಡಿದ್ದರು. ಪ್ರಾಸ್ಟೇಟ್ ಎಂಬ ಗ್ರಂಥಿಯೊಂದು ಮೂತ್ರದ ಚೀಲದ ಕೆಳಗೆ ಇದೆ ಎನ್ನುವುದೇ ಅಣ್ಣತಮ್ಮಂದಿರಿಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ರಕ್ತದ ಅಂಕಿ ಇಬ್ಬರದೂ ಜಾಸ್ತಿ ಬಂತು. ದಾವಣಗೆರೆಗೆ ಕರೆಸಿ ಸೂಜಿ ಹಾಕಿ ಚೂರು ತೆಗೆದು ನೋಡಿದರು. ಇಬ್ಬರಿಗೂ ಕ್ಯಾನ್ಸರ್, ಇಬ್ಬರದೂ ಸೊಂಟದ ಮೂಳೆಗೆ ಇಳಿದಿದೆ ಎಂದರು.

"ಅಪ್ಪನ ಆಸ್ತಿ ಕಣಣ್ಣ ಇದು" ಎಂದಿದ್ದ ನಾಗೇಂದ್ರಪ್ಪ, ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು. "ನಿಂಗೆ ಹಂಚೋ ಕೆಲ್ಸ ಇಟ್ಟಿಲ್ಲ. ತಾನೇ ಹಂಚ್ಕೊಂಡು ಬಂದೈತೆ."

ಮೂರು ತಿಂಗಳಿಗೊಂದು ಇಂಜೆಕ್ಷನ್ ಇಬ್ಬರಿಗೂ ಶುರುವಾಯಿತು. ಅದರ ಜೊತೆಗೆ ಒಂದು ಹೊಸ ಮಾತ್ರೆಯನ್ನು ಪರೀಕ್ಷೆ ಮಾಡುತ್ತಿದ್ದರು. ದಿನಕ್ಕೊಂದು, ಬೆಳಿಗ್ಗೆ ಖಾಲಿ ಹೊಟ್ಟೆಗೆ. ರೇವಣ್ಣನ ಹೆಸರು ಆ ಪಟ್ಟಿಗೆ ಸೇರಿತು. ನಾಗೇಂದ್ರಪ್ಪನ ಹೆಸರು ಸೇರಲಿಲ್ಲ. ಎರಡು ವರ್ಷದ ಹಿಂದೆ ಅವನ ಎದೆಗೆ ಸ್ಟೆಂಟ್ ಹಾಕಿದ್ದರು. ಎದೆ ಸರಿಯಿಲ್ಲದವರಿಗೆ ಈ ಮಾತ್ರೆ ಆಗುವುದಿಲ್ಲ ಎಂದು ಡಾಕ್ಟರು ಹೇಳಿದ್ದನ್ನು ರೇವಣ್ಣ ಕೇಳಿಸಿಕೊಂಡಿದ್ದ. ಆದರೆ ಪಟ್ಟಿಯಿಂದ ಹೆಸರು ಬಿಡುವುದಕ್ಕೆ ಯಾವ ಕಚೇರಿಯಲ್ಲಾದರೂ ಒಂದು ಕಾರಣ ಇದ್ದೇ ಇರುತ್ತದೆ. ಮನೆಯಲ್ಲಿ ಬೈಕ್ ಇದೆ ಎಂದು ತಮ್ಮನನ್ನು ರೇಷನ್ ಕಾರ್ಡಿನ ಪಟ್ಟಿಯಿಂದ ಬಿಟ್ಟಿದ್ದರು. ವಯಸ್ಸು ಎರಡು ತಿಂಗಳು ಕಮ್ಮಿ ಎಂದು ಪಿಂಚಣಿ ಪಟ್ಟಿಯಿಂದ ಬಿಟ್ಟಿದ್ದರು. ಈಗ ಎದೆ ಎಂದು ಬಿಟ್ಟರು. ರೇವಣ್ಣ ಅದನ್ನು ಹಾಗೆಯೇ ಅರ್ಥ ಮಾಡಿಕೊಂಡ.

ನಾಲ್ಕು ವಾರಕ್ಕೊಮ್ಮೆ ಮನೆಗೆ ಬಂದು ಬಿ.ಪಿ. ನೋಡಿ, ರಕ್ತ ತೆಗೆದು, ಹಳೆ ಡಬ್ಬಿ ಎಣಿಸಿ ಹೊಸ ಡಬ್ಬಿ ಕೊಡುವವಳು ಗಂಗೋತ್ರಿ. ಜಗಳೂರು ಕಡೆಯ ಬಿಳಿಚೋಡಿನವಳು, ಎರಡು ಮಕ್ಕಳ ತಾಯಿ, ನಾಲ್ಕು ತಾಲ್ಲೂಕು ಸುತ್ತಿ ಸುತ್ತಿ ಮುಖ ಒಣಗಿದ ನರ್ಸು. ಮೊದಲ ಡಬ್ಬಿ ಕೊಟ್ಟಾಗ ಅವಳು ಬೆರಳು ಮಡಚಿ ಹೇಳಿದ್ದಳು: "ಮುರೀಬಾರ್ದು. ಜಗೀಬಾರ್ದು. ಯಾರ್ಗೂ ಕೊಡ್ಬಾರ್ದು. ಇನ್ನೊಂದು ಮಾತು ಯಜಮಾನ್ರೆ. ಈ ಪರೀಕ್ಷೆನಾಗೆ ಅರ್ಧ ಜನಕ್ಕೆ ಅಸಲಿ ಔಷಧಿ, ಇನ್ನರ್ಧ ಜನಕ್ಕೆ ನೋಡಾಕೆ ಹಿಂಗೇ ಇರೋ ಹಿಟ್ಟಿನ ಗುಳಿಗೆ. ನಿಮ್ದು ಯಾವ್ದು ಅಂತ ನಂಗೂ ಗೊತ್ತಿಲ್ಲ, ಡಾಕ್ಟ್ರಿಗೂ ಗೊತ್ತಿಲ್ಲ."

"ಮತ್ತೆ ಯಾರ್ಗೆ ಗೊತ್ತೈತೆ ತಾಯಿ?"

"ಕಂಪ್ಯೂಟರ್‌ಗೆ. ಎಲ್ಲಾ ಮುಗಿದ ಮೇಲೆ ಹೇಳ್ತೈತೆ."

ಯಾರಿಗೂ ಕೊಡಬಾರದು ಎಂದರೆ ಬೀದಿಯವರಿಗೆ, ನೆಂಟರಿಗೆ ಎಂದು ರೇವಣ್ಣ ತಿಳಿದ. ತಮ್ಮ ಯಾರೋ ಆಗುವುದು ಹೇಗೆ? ಮಾರನೆಯ ಬೆಳಿಗ್ಗೆ ದೇವರ ಜಗಲಿಯ ಮುಂದೆ ಅಡಕತ್ತರಿ ಹಿಡಿದು ಕೂತ. ಅಡಿಕೆ ಸೀಳಿ ಸೀಳಿ ಸವೆದ ಅವ್ವನ ಕಾಲದ ಕತ್ತರಿ. ಮಾತ್ರೆ ಕಟ್ಟೆಂದು ಎರಡಾಯಿತು, ಸರಿಸಮ ಆಗಲಿಲ್ಲ. ತೂಕದವನ ಕೈಗೂ ಅದು ಎಂದೂ ಸರಿಸಮ ಆಗಲಿಲ್ಲ. ಒಂದು ಚೂರು ದೊಡ್ಡದು, ಒಂದು ಚಿಕ್ಕದು. ಎರಡನ್ನೂ ಅಂಗೈಯಲ್ಲಿಟ್ಟು ಚಾಚಿದ. ನಾಗೇಂದ್ರಪ್ಪ ಬಗ್ಗಿ ನೋಡಿ ದೊಡ್ಡದನ್ನು ಎತ್ತಿಕೊಂಡ.

"ಹಿಟ್ಟಾಗಿದ್ರೆ ಏನ್ಮಾಡ್ತೀಯ ಅಣ್ಣ?"

"ಹಿಟ್ಟಾಗಿದ್ರೆ ನಿನ್ ಹೋಟ್ಲಾಗೆ ಮಿರ್ಚಿ ಕರಿ."

ರೇವಣ್ಣನ ಹೆಂಡತಿ ಹಾಲಮ್ಮ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. "ಅರ್ಧ ಗುಳಿಗೆಗೆ ಅರ್ಧ ರೋಗ ಹೋಗ್ತೈತೇನ್ರಿ? ಇನ್ನರ್ಧ ಯಾರ್ ಹೊರ್ತಾರೆ?" ಎಂದಳು. ಗಂಡ ತನ್ನ ಚೂರನ್ನು ಬಾಯಿಗೆ ಹಾಕಿಕೊಂಡು ನೀರು ಕುಡಿದ.

ಹೀಗೆ ಆರು ತಿಂಗಳು ನಡೆಯಿತು. ದಿನಕ್ಕೊಂದರಂತೆ ಮಾತ್ರೆ ಕಮ್ಮಿಯಾಗುತ್ತಿದ್ದರಿಂದ ಗಂಗೋತ್ರಿಯ ಎಣಿಕೆ ಒಂದು ಸಲವೂ ತಪ್ಪಲಿಲ್ಲ. "ನಿಮ್ಮಷ್ಟು ಕರೆಕ್ಟಾಗಿ ತಗಳ್ಳೋರು ನಾಲ್ಕು ತಾಲ್ಲೂಕ್ನಾಗೂ ಇಲ್ಲ" ಎಂದು ಅವಳು ಹೊಗಳಿದಾಗ ರೇವಣ್ಣನಿಗೆ ಮಂಡಿಯ ದಿನಗಳು ನೆನಪಾಗಿ ಎದೆ ಉಬ್ಬುತ್ತಿತ್ತು. ಆದರೆ ಅವನ ರಕ್ತದ ಅಂಕಿ ಇಳಿಯಬೇಕಾದಷ್ಟು ಇಳಿಯಲಿಲ್ಲ. ಐದನೇ ತಿಂಗಳಿನಿಂದ ಮೇಲಕ್ಕೆ ಹತ್ತತೊಡಗಿತು. ನಾಗೇಂದ್ರಪ್ಪ ಅದೇ ತಿಂಗಳು ಚಪ್ಪಲಿ ಬಿಟ್ಟ. ಬರಿಗಾಲಲ್ಲೇ ಹೋಟೆಲಿಗೆ ಹೋಗುತ್ತಿದ್ದ. ಯಾರಾದರೂ ಕೇಳಿದರೆ "ಹರಕೆ" ಎನ್ನುತ್ತಿದ್ದ. ಎರಡು ಮೆಟ್ಟಿಲು ಹತ್ತಿದರೆ ನಿಂತು, ಗೋಡೆಯ ಮೇಲಿನ ಕ್ಯಾಲೆಂಡರನ್ನು ಓದುವವನಂತೆ ನಟಿಸುತ್ತಿದ್ದ.

ಏಳನೇ ಡಬ್ಬಿ ತಂದ ದಿನ ಆಷಾಢದ ಗಾಳಿ ಬೀಸುತ್ತಿತ್ತು. ಗಂಗೋತ್ರಿ ಕಟ್ಟೆಯ ಮೇಲೆ ಕೂತು, ರಕ್ತದ ಸೀಸೆಯನ್ನು ಐಸಿನ ಪೆಟ್ಟಿಗೆಗೆ ಇಟ್ಟು, ಫೋನಿನಲ್ಲಿ ಮಗಳಿಗೆ ಗದರುತ್ತಿದ್ದಳು. "ಸಾರು ಬಿಸಿ ಮಾಡ್ಕೊಂಡು ತಮ್ಮಂಗೂ ಹಾಕು. ನೀನೊಬ್ಳೇ ತಿನ್ಬ್ಯಾಡ" ಎಂದು ಫೋನಿಟ್ಟು, ಹೋದ ಸಲದ ರಕ್ತದ ಹಾಳೆ ನೋಡಿ ಹುಬ್ಬು ಗಂಟಿಕ್ಕಿದಳು.

"ಹನ್ನೊಂದು ಇದ್ದಿದ್ದು ಹತ್ತೊಂಬತ್ತು ಆಗೈತೆ. ಗುಳಿಗೆ ತಪ್ಪದಂಗೆ ತಗಂತೀರ ತಾನೆ ಯಜಮಾನ್ರೆ?"

"ಡಬ್ಬಿ ನೋಡು ತಾಯಿ."

"ಡಬ್ಬಿ ಸರಿ ಐತೆ. ಅದಕ್ಕೇ ತಲೆ ಕೆಡ್ತೈತೆ." ಅವಳು ಪ್ರಶ್ನೆಗಳ ಹಾಳೆ ತೆರೆದಳು. ಪ್ರತಿ ಸಲದ ಅವೇ ಪ್ರಶ್ನೆಗಳು. ಸುಸ್ತಾಗುತ್ತಾ, ದಮ್ಮು ಬರುತ್ತಾ, ರಾತ್ರಿ ಮಲಗಿದರೆ ಉಸಿರು ಕಟ್ಟುತ್ತಾ. ಆಮೇಲೆ ಅವನ ಪಂಚೆ ಸ್ವಲ್ಪ ಸರಿಸಿ ಮೊಣಕಾಲ ಕೆಳಗಿನ ಮೂಳೆಯ ಮೇಲೆ ಹೆಬ್ಬೆರಳು ಒತ್ತಿ ಹಿಡಿದು ಬಿಟ್ಟಳು. ಚರ್ಮ ಹಿಂದಿನಂತೆಯೇ ಆಯಿತು.

"ಇದ್ಯಾಕೆ ಪ್ರತಿ ಸಲ ಒತ್ತೀಯ?"

"ಗುಂಡಿ ಬಿದ್ರೆ ಒಳಗೆ ನೀರು ತುಂಬೈತೆ ಅಂತ. ಔಷಧಿ ಎದೆಗೆ ಹೊಡದ್ರೆ ಹಿಂಗಾಗ್ತೈತೆ. ಹೋದ ತಿಂಗ್ಳು ಹೊನ್ನಾಳಿನಾಗೆ ಒಬ್ರಿಗೆ ಆತು. ಗಟ್ಟಿ ಆಳು ಕಣ್ರಿ. ಕಾಲು ಊದ್ತು, ಚಪ್ಲಿ ಹಿಡೀದಂಗಾತು, ಎಂಟು ದಿನಕ್ಕೆ ಉಸುರಾಡಾಕೆ ಆಗ್ದೆ ಐ.ಸಿ.ಯು.ಗೆ ಹಾಕಿದ್ರು. ಗುಳಿಗೆ ನಿಲ್ಸಿ ಬಿಟ್ರು, ಉಳಕಂಡ್ರು. ಎದೆ ಚೆನ್ನಾಗಿರೋರಿಗೇ ಹಿಂಗೆ. ಅದಕ್ಕೇ ಅಲ್ಲೇನ್ರಿ ನಿಮ್ ತಮ್ಮನ್ನ ತಗಳ್ಳಲಿಲ್ಲ?" ಅವಳು ಹೊಸ ಡಬ್ಬಿಯನ್ನು ಅವನ ಕೈಗಿಟ್ಟು ಸಹಿ ಹಾಕಿಸಿಕೊಂಡಳು. "ಇಪ್ಪತ್ತೆಂಟು ಅದಾವೆ. ಎಣಿಸ್ಕಳ್ರಿ."

ಅವಳ ಸ್ಕೂಟರ್ ಮೂಲೆ ತಿರುಗುವವರೆಗೆ ರೇವಣ್ಣ ಕಟ್ಟೆಯ ಮೇಲೆಯೇ ಕೂತಿದ್ದ. ಆಮೇಲೆ ಎದ್ದು ತಮ್ಮನ ಮನೆಗೆ ಹೋದ. ನಾಗೇಂದ್ರಪ್ಪ ಪಡಸಾಲೆಯ ಕುರ್ಚಿಯಲ್ಲಿ ಕಾಲು ನೀಡಿಕೊಂಡು, ಮೂರು ದಿಂಬಿಗೆ ಒರಗಿ ಕೂತಿದ್ದ.

"ಮೂರು ದಿಂಬು ಯಾಕೋ?"

"ಮಲಗಿದ್ರೆ ಯಾರೋ ಎದೆ ಮ್ಯಾಲೆ ಅಡಿಕೆ ಚೀಲ ಇಟ್ಟಂಗಾಗ್ತೈತೆ. ನಿನ್ ಮಂಡಿಯೋರೇ ಇರ್ಬೇಕು."

ರೇವಣ್ಣ ತಮ್ಮನ ಕಾಲ ಬುಡದಲ್ಲಿ ಕುಕ್ಕರಗಾಲಲ್ಲಿ ಕೂತು ಹೆಬ್ಬೆರಳಿಂದ ಮೊಣಕಾಲ ಕೆಳಗೆ ಒತ್ತಿದ. "ಏ, ಕಾಲು ಒತ್ತಾಕೆ ಬಂದ್ಯಾ? ಇನ್ನೊಂಚೂರು ಮ್ಯಾಲೆ" ಎಂದ ತಮ್ಮ. ರೇವಣ್ಣ ಕೈ ತೆಗೆದ. ಹಸಿ ಮಣ್ಣಿನಲ್ಲಿ ಮೂಡಿದಂತೆ ಹೆಬ್ಬೆರಳಿನ ಗುಂಡಿ ಅಲ್ಲೇ ಉಳಿಯಿತು. ಅವನು ನೋಡುತ್ತಲೇ ಇದ್ದ. ಗೋಡೆಯಾಚೆ ಹಾಲಮ್ಮ ಕೊಡ ತೊಳೆದು, ನೀರು ಚೆಲ್ಲಿ, ಕೊಡ ಮಗುಚಿಟ್ಟಳು. ಗುಂಡಿ ಇನ್ನೂ ತುಂಬಿರಲಿಲ್ಲ.

ಆರು ತಿಂಗಳಿನಿಂದ ನರ್ಸಿಗೂ ಡಾಕ್ಟರಿಗೂ ಗೊತ್ತಿಲ್ಲದ ಸುದ್ದಿ ರೇವಣ್ಣನ ಹೆಬ್ಬೆರಳಿಗೆ ಗೊತ್ತಾಗಿಹೋಯಿತು. ಇದು ಹಿಟ್ಟಲ್ಲ. ಅಸಲಿ ಔಷಧಿ. ಒಂದು ಗಳಿಗೆ ಅವನ ಮೈ ಹಗುರಾಯಿತು, ತಾನು ಬದುಕಬಹುದು ಎನ್ನಿಸಿತು. ಹಾಗೆ ಅನ್ನಿಸಿದ್ದಕ್ಕೆ ಮರುಗಳಿಗೆಯೇ ತಮ್ಮನ ಪಂಚೆ ಎಳೆದು ಆ ಗುಂಡಿ ಮುಚ್ಚಿದ. ದಿನಾ ಬೆಳಿಗ್ಗೆ ದೊಡ್ಡ ತುಂಡು ತಿಂದವನು ಈ ತಮ್ಮ.

"ದಾವಣಗೆರೆಗೆ ಹೋಗಾನ ನಡಿ, ನಾಗ. ಎದೆ ತೋರ್ಸಾನ."

"ಹೋಗಿ ಏನಂತ ಹೇಳ್ಲಿ? ಕದ್ದು ಗುಳಿಗೆ ತಿಂದೀನಿ ಅಂತನಾ? ರಕ್ತ ತೆಗೆದ್ರೆ ಗೊತ್ತಾಗ್ತೈತೆ. ನಿನ್ನೂ ಪಟ್ಟಿಯಿಂದ ತೆಗೀತಾರೆ. ಸುಮ್ನಿರು, ಗಾಳಿಗೆ ಕಾಲು ಊದೈತೆ."

ಮಾರನೆಯ ಬೆಳಿಗ್ಗೆ ಆರಕ್ಕೆ ನಾಗೇಂದ್ರಪ್ಪ ತನ್ನ ಕಡೆಯ ಬಾಗಿಲಿಂದ ದೇವರ ಕೋಣೆಗೆ ಬಂದ. ಹಣೆಗೆ ವಿಭೂತಿ ಹಚ್ಚಿಕೊಂಡು, ಗೋಡೆ ಹಿಡಿದು ನಿಧಾನಕ್ಕೆ ಕೂತು, ಎಂದಿನಂತೆ ಕಣ್ಣು ಅಣ್ಣನ ಅಂಗೈಯತ್ತ ನೆಟ್ಟ. ಅಡಕತ್ತರಿ ಜಗಲಿಯ ಮೇಲೇ ಇತ್ತು. ರೇವಣ್ಣ ಅದನ್ನು ಮುಟ್ಟಲಿಲ್ಲ.

"ಇವತ್ತಿಂದ ಇಲ್ಲ" ಎಂದ.

"ಏನು ಇಲ್ಲ?"

"ನಿಂಗೆ ಗುಳಿಗೆ ಇಲ್ಲ. ನಿನ್ ಕಾಲು ಊದಿರೋದು ಗಾಳಿಗಲ್ಲ. ಇದು ಹಿಟ್ಟಲ್ಲ ಕಣೋ ನಾಗ, ಅಸಲಿ ಔಷಧಿ. ನಿನ್ ಎದೆಗೆ ಹೊಡೀತೈತೆ."

ನಾಗೇಂದ್ರಪ್ಪ ಹುಬ್ಬಿನ ಮೇಲಿನ ಹಳೆಯ ಗಾಯದ ಗೆರೆಯನ್ನು ಬೆರಳಲ್ಲಿ ಸವರಿಕೊಂಡ.

"ಅಸಲಿ ಅಂತ ಯಾವಾಗ ಗೊತ್ತಾತು?"

"ನಿನ್ನೆ. ನಿನ್ ಕಾಲು ಮುಟ್ಟಿ."

"ಹಂಗಾದ್ರೆ ಹಿಟ್ಟಿದ್ರೂ ಇರ್ಬೋದು ಅಂತಿದ್ದಾಗ ಅರ್ಧ ಕೊಟ್ಟೆ. ಅಸಲಿ ಅಂತ ಗೊತ್ತಾದ ದಿನ ನಂಗಿಲ್ಲ."

"ಲೇ, ಹಂಗಲ್ವೋ! ನೀನು ಸಾಯ್ತೀಯ ಅಂತ—"

"ಸಾಯೋದು ಇಬ್ರಿಗೂ ಬರೆದೈತೆ. ನಿಂದು ಗುಳಿಗೆ ತಿಂದು ಹಿಂದಕ್ಕೋಗ್ಲಿ, ನಂದು ಹಂಗೇ ಬರ್ಲಿ, ಅಲ್ವಾ?" ದನಿ ಏರಿರಲಿಲ್ಲ. ಹೋಟೆಲಿನಲ್ಲಿ ಗಿರಾಕಿಗೆ ಲೆಕ್ಕ ಒಪ್ಪಿಸುವಂತೆ ಮೆತ್ತಗೇ ಹೇಳಿದ. "ಸೊಂಟ ನೋಯೋದು ಕಮ್ಮಿ ಆಗೈತೆ ಅಣ್ಣ ನಂಗೆ. ಈ ಗುಳಿಗೆಯಿಂದ. ಕಾಲು ಊದ್ಲಿ ಬಿಡು, ಊದಿದ ಕಾಲ್ನಾಗೇ ಮೊಮ್ಮಗಳ ಮದುವಿ ನೋಡ್ತೀನಿ. ಹಂಚು."

"ಇಲ್ಲ."

"ಅವ್ವನ ಮುಂದೆ ಹೇಳಿದ್ದು ನೀನು. ನಾನಲ್ಲ."

ರೇವಣ್ಣನಿಗೆ ಬೇರೆ ದಾರಿ ತೋಚಲಿಲ್ಲ. ಮಾತು ಬೆಳೆದರೆ ಕೈ ತಾನಾಗಿ ಕತ್ತರಿಗೆ ಹೋಗುತ್ತದೆ ಎಂದು ಅವನಿಗೆ ಗೊತ್ತಿತ್ತು. ಡಬ್ಬಿ ತೆಗೆದು ಒಂದು ಮಾತ್ರೆಯನ್ನು ಇಡಿಯಾಗಿ ಬಾಯಿಗೆ ಹಾಕಿಕೊಂಡ. ಆರು ತಿಂಗಳಲ್ಲಿ ಮೊದಲ ಸಲ ಇಡೀ ಮಾತ್ರೆ. ಅದು ಗಂಟಲಲ್ಲಿ ಅಡ್ಡ ನಿಂತಿತು. ಒಂದು ಚೊಂಬು ನೀರು ಕುಡಿದರೂ ಇಳಿಯಲಿಲ್ಲ, ಮತ್ತೊಂದು ಚೊಂಬು ಕುಡಿದ. ತಮ್ಮ ಅಣ್ಣನ ಗಂಟಲನ್ನೇ ನೋಡುತ್ತ ಕೂತಿದ್ದ. ಅದು ಇಳಿದದ್ದನ್ನು ಕಂಡ ಮೇಲೆ ಗೋಡೆ ಹಿಡಿದು ಎದ್ದ.

"ಚೆನ್ನಾಗಿ ಬಾಳು" ಎಂದು ತನ್ನ ಕಡೆಯ ಬಾಗಿಲಿಂದ ಹೊರಟುಹೋದ.

ಆ ದಿನ ರೇವಣ್ಣ ಎರಡು ಸಲ ಗಂಗೋತ್ರಿಗೆ ಫೋನ್ ಮಾಡಿದ. ಮೊದಲನೇ ಸಲ ಅವಳು ಎತ್ತಲಿಲ್ಲ. ಎರಡನೇ ಸಲ ಹೊನ್ನಾಳಿಯ ಶಿಬಿರದಲ್ಲಿದ್ದಳು, ಹಿಂದೆ ಜನರ ಗದ್ದಲ. "ಹೇಳ್ರಿ ಯಜಮಾನ್ರೆ, ಏನಾರ ತೊಂದ್ರೆನಾ?" ಎಂದಳು. ನಾಲ್ಕು ತಾಲ್ಲೂಕಿನಲ್ಲಿ ತನ್ನಷ್ಟು ಕರೆಕ್ಟಾದ ಮನುಷ್ಯ ಇಲ್ಲ ಎಂದು ಅವಳು ಹೇಳಿದ್ದು ರೇವಣ್ಣನ ನಾಲಿಗೆಗೆ ಅಡ್ಡ ಬಂತು. "ಏನಿಲ್ಲ ತಾಯಿ. ಹೊಸ ಡಬ್ಬಿ ಶುರು ಮಾಡ್ದೆ ಅಂತ ಹೇಳಾಕೆ ಮಾಡ್ದೆ" ಎಂದ. ಹಾಲಮ್ಮ ಪಕ್ಕದಲ್ಲೇ ಅಕ್ಕಿ ಆರಿಸುತ್ತ ಕೂತಿದ್ದಳು. ಒಂದು ಕಲ್ಲನ್ನು ಹೆಕ್ಕಿ ದೂರ ಎಸೆದಳು.

ಸಂಜೆ ಹೋಟೆಲಿನಿಂದ ದಿನಾ ಬರುತ್ತಿದ್ದ ಮಿರ್ಚಿಯ ಪೊಟ್ಟಣ ಅವತ್ತು ಬರಲಿಲ್ಲ.

ಮಾರನೆಯ ಬೆಳಿಗ್ಗೆ ರೇವಣ್ಣ ದೇವರ ಕೋಣೆಗೆ ಹೋದಾಗ ತಮ್ಮನ ಕಡೆಯ ಬಾಗಿಲು ಅರೆ ತೆರೆದಿತ್ತು. ದೀಪ ಆಗಲೇ ಯಾರೋ ಹಚ್ಚಿದ್ದರು. ಜಗಲಿಯ ಮೇಲೆ, ಅವ್ವನ ಫೋಟೋದ ಪಕ್ಕ, ಡಬ್ಬಿ ಇದ್ದಲ್ಲೇ ಇತ್ತು. ಅಡಕತ್ತರಿ ಮಾತ್ರ ಬಾಯಿ ತೆರೆದುಕೊಂಡು ಬಿದ್ದಿತ್ತು, ಅಲಗಿನ ಮೇಲೆ ಬಿಳಿ ಪುಡಿ. ರೇವಣ್ಣ ಡಬ್ಬಿಯನ್ನು ಅಂಗೈಗೆ ಸುರಿದುಕೊಂಡು ಎಣಿಸಿದ. ನಿನ್ನೆ ತಾನೊಂದು ನುಂಗಿದ ಮೇಲೆ ಇಪ್ಪತ್ತೇಳು ಇರಬೇಕಿತ್ತು. ಹದಿಮೂರು ಇಡೀ ಮಾತ್ರೆ ಇದ್ದವು, ಜೊತೆಗೆ ಒಂದು ತುಂಡು.

ಇಡೀ ಮಾತ್ರೆಗಳನ್ನು ಡಬ್ಬಿಗೆ ಸುರಿದು, ತುಂಡನ್ನು ಮುಷ್ಟಿಯಲ್ಲಿ ಹಿಡಿದೇ ಅವನು ತಮ್ಮನ ಮನೆಯ ಪಡಸಾಲೆಗೆ ಓಡಿದ. ಮೂರು ದಿಂಬು ಕುರ್ಚಿಯ ಮೇಲೆ ಒಂದರ ಮೇಲೊಂದು ಇದ್ದವು. ನಾಗೇಂದ್ರಪ್ಪನ ಮಗ ಓಂಕಾರ್ ಹೋಟೆಲಿನ ಒಲೆ ಹಚ್ಚುತ್ತಿದ್ದ.

"ಅಪ್ಪ ಎಲ್ಲೋ?"

"ನ್ಯಾಮತಿಗೆ ಹೋದ್ರು ದೊಡ್ಡಪ್ಪ, ಅಕ್ಕನ ಮನಿಗೆ. ಮೊದಲ್ನೇ ಬಸ್ಸಿಗೆ. ಒಂದು ತಿಂಗ್ಳು ಇದ್ದು ಬರ್ತೀನಿ ಅಂದ್ರು. ನಿಮ್ಗೆ ಹೇಳಿಲ್ವಾ?"

"ಫೋನು?"

"ಇಲ್ಲೇ ಬಿಟ್ಟೋಗ್ಯಾರೆ, ಚಾರ್ಜಿಗೆ ಹಾಕಿದ್ದು. ಬಸ್ ಹತ್ತಾಕೆ ಆಗ್ಲಿಲ್ಲ, ನಾನೇ ಎತ್ತಿ ಹತ್ತಿಸ್ದೆ. ತುಟಿ ಒಂಥರಾ ನೀಲಿ ಆಗಿತ್ತು. ಚಳಿಗೆ ಅಂದ್ರು."

ದಿನಾ ಅರ್ಧ ತಿನ್ನುತ್ತಿದ್ದವನ ಜೇಬಿನಲ್ಲಿ ಈಗ ಇಡೀ ಮಾತ್ರೆಗಳಿದ್ದವು. ಅವುಗಳನ್ನು ಕತ್ತರಿಸಲು ಅಲ್ಲಿ ಅಡಕತ್ತರಿ ಇಲ್ಲ, ಚಾಚುವುದಕ್ಕೆ ಅಣ್ಣನ ಕೈ ಇಲ್ಲ.

ರೇವಣ್ಣ ದೇವರ ಕೋಣೆಗೆ ಮರಳಿ, ನಿಂತೇ ಗಂಗೋತ್ರಿಗೆ ಫೋನ್ ಮಾಡಿದ. ಈ ಸಲ ಮೊದಲನೇ ರಿಂಗಿಗೇ ಎತ್ತಿದಳು. ಆ ಕಡೆ ಕುಕ್ಕರ್ ಕೂಗುತ್ತಿತ್ತು, ಮಕ್ಕಳು ಕಚ್ಚಾಡುತ್ತಿದ್ದವು.

"ಗಂಗೋತ್ರಮ್ಮ, ನನ್ ತಮ್ಮನ ಹತ್ರ ಹದಿಮೂರುವರೆ ಗುಳಿಗೆ ಅದಾವೆ" ಎಂದ. "ನಾನೇ ಕಲಿಸಿದ್ದು. ಆರು ತಿಂಗ್ಳಿಂದ ಅರ್ಧ ಅವನೇ ತಿಂದಾನೆ. ಕಾಲು ಒತ್ತಿದ್ರೆ ಗುಂಡಿ ಬೀಳ್ತೈತೆ."

ಕುಕ್ಕರ್ ಇನ್ನೊಂದು ಸಲ ಕೂಗಿ ನಿಂತಿತು.

"ಎಲ್ಲದಾರೆ ಈಗ?"

"ನ್ಯಾಮತಿ ಬಸ್ನಾಗೆ. ಮಗಳ ಮನಿಗೆ ಹೊಂಟಾನೆ."

"ಮಗಳ ನಂಬರ್ ಕೊಡ್ರಿ. ಬೇಗ."

ಅವನು ಓಂಕಾರನನ್ನು ಕರೆದು ನಂಬರ್ ಹೇಳಿಸಿದ. ಫೋನ್ ಕಟ್ಟಾಯಿತು. ಹಾಲಮ್ಮ ಬಾಗಿಲಲ್ಲಿ ಬಂದು ನಿಂತಿದ್ದಳು. ಬೀದಿಯಲ್ಲಿ ಆಷಾಢದ ಗಾಳಿ ಹೋಟೆಲಿನ ತಗಡನ್ನು ಬಡಿಯುತ್ತಿತ್ತು.

ಆಗ ರೇವಣ್ಣ ಇನ್ನೂ ಮುಚ್ಚಿಯೇ ಇದ್ದ ಅಂಗೈ ತೆರೆದು ತುಂಡನ್ನು ನೋಡಿದ. ಬೆವರಿಗೆ ಅದರ ಅಂಚು ಕರಗತೊಡಗಿತ್ತು. ಬೆರಳಲ್ಲಿ ಹಿಡಿದು ತೂಗಿದ. ಮೂವತ್ತು ವರ್ಷ ತೂಗಿದ ಕೈ, ತಪ್ಪುವಂತಿರಲಿಲ್ಲ. ಅದು ದೊಡ್ಡ ತುಂಡು. ಹೋಳಿಗೆಯಿಂದ ಮನೆಯವರೆಗೆ ಜೀವಮಾನವಿಡೀ ದೊಡ್ಡದನ್ನೇ ಎತ್ತಿಕೊಂಡಿದ್ದವನು ಈ ಸಲ ಚಿಕ್ಕದನ್ನು ತೆಗೆದುಕೊಂಡು ಹೋಗಿದ್ದ.

ಅವ್ವನಿಗೆ ಕೊಟ್ಟ ಮಾತನ್ನು ರೇವಣ್ಣ ಮುರಿದಿದ್ದ. ಆದರೂ ಪಾಲು ಆಗಿತ್ತು, ತಮ್ಮನ ಕೈಯಿಂದ.